ಮಗಳ ಕ್ಲಾಸಿನ ಹಿಂದಿನ ಸಾಲು

ಆಗಸ್ಟ್ 25, 2024, ಭಾನುವಾರ

ನಿವೃತ್ತಿಯಾದ ಮೇಲೆ ಡೈರಿ ಬರೆಯುವುದನ್ನು ಬಿಟ್ಟಿದ್ದೆ. ಬರೆಯುವಂಥದ್ದು ಏನೂ ನಡೆಯುತ್ತಿರಲಿಲ್ಲ. ಇವತ್ತು ನಡೆಯಿತು. ಮಂಡಕ್ಕಿಯ ಸುಸಲಾ ತಿನ್ನುತ್ತ ಕೂತಿದ್ದ ರಕ್ಷಾ, ಕಂಪ್ಯೂಟರ್ ಸೈನ್ಸ್ ಬಿಟ್ಟು ಕ್ಲಾಸಿಕ್ಸ್ ಮೇಜರ್ ಮಾಡುತ್ತೇನೆ ಎಂದಳು. ಅಂದರೆ ಗ್ರೀಕರು, ರೋಮನ್ನರು ಎರಡು ಸಾವಿರ ವರ್ಷಗಳ ಹಿಂದೆ ಬರೆದಿಟ್ಟ ಕಾವ್ಯ, ನಾಟಕ ಇತ್ಯಾದಿ. ತಮಾಷೆಗೆ ಹೇಳಿದಳೆಂದು ನಾನು ನಕ್ಕೆ. ಅವಳು ನಗಲಿಲ್ಲ. ನಾನೂ ನಿಲ್ಲಿಸಿದೆ.

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು. ಈಗ ಹತ್ತೊಂಬತ್ತು. ಗಣಿತದಲ್ಲಿ ಯಾವತ್ತೂ ನೂರಕ್ಕೆ ತೊಂಬತ್ತೆಂಟಕ್ಕಿಂತ ಕೆಳಗೆ ಬಂದವಳಲ್ಲ. ಇಷ್ಟು ಜಾಣ ಹುಡುಗಿಗೆ ಇದೆಂಥ ಬುದ್ಧಿ? ಸತ್ತ ಭಾಷೆ ಕಲಿತು ಯಾರ ಜೊತೆ ಮಾತಾಡುತ್ತಾಳೆ?

ಅರ್ಧ ಗಂಟೆ ಇದನ್ನೇ ಹೇಳಿದೆ. “ಯು ಹ್ಯಾವಂಟ್ ಸ್ಯಾಟ್ ಇನ್ ಒನ್ ಕ್ಲಾಸ್, ಅಪ್ಪಾ” ಎಂದಳು.

ಸರಿ, ಸಿಕ್ಕಿತು ದಾರಿ ಎಂದುಕೊಂಡೆ. ನಾನು ಮೂವತ್ತೊಂದು ವರ್ಷ ನ್ಯೂಜೆರ್ಸಿಯ ಸೇತುವೆಗಳ ತಪಾಸಣೆ ಮಾಡಿದವನು. ಮೇಲಿನಿಂದ ಚೆಂದ ಕಾಣುವುದರ ಅಡಿಗೆ ಹೋಗಿ ಬಿರುಕು ಹುಡುಕುವುದೇ ನನ್ನ ಕಸುಬು. ಅವಳ ಯೂನಿವರ್ಸಿಟಿಯಲ್ಲಿ ಸೀಟು ಖಾಲಿ ಇದ್ದರೆ ಅರವತ್ತೆರಡು ದಾಟಿದವರು ಕ್ಲಾಸಿನಲ್ಲಿ ಕೂತು ಕೇಳಬಹುದು. ನನಗೆ ಅರವತ್ತಮೂರು. ಹಾಗಾಗಿ ಒಪ್ಪಂದ ಆಯಿತು. ಈ ಸೆಮಿಸ್ಟರ್ ಅವಳು ತೆಗೆದುಕೊಂಡಿರುವ ಪ್ರಾಚೀನ ಮಹಾಕಾವ್ಯಗಳ ಕ್ಲಾಸಿಗೆ ನಾನೂ ಹೋಗುವುದು. ಡಿಸೆಂಬರಿನ ಕೊನೆಯ ಕ್ಲಾಸು ಮುಗಿದ ದಿನ ನಾನು ತೀರ್ಪು ಹೇಳುವುದು. ಆಗಲೂ ಬೇಡವೆಂದರೆ ಅವಳು ಕಂಪ್ಯೂಟರ್ ಸೈನ್ಸಿನಲ್ಲೇ ಉಳಿಯಬೇಕು. ಅವಳ ಕಡೆಯಿಂದಲೂ ಷರತ್ತುಗಳಿವೆ: ಹಿಂದಿನ ಸಾಲಿನಲ್ಲಿ ಕೂರಬೇಕು, ಬಾಯಿ ಬಿಡಬಾರದು, ಅವಳ ಅಪ್ಪ ಎಂದು ಯಾರಿಗೂ ಹೇಳಬಾರದು.

ನಂದಾ ಫಾರ್ಮಸಿಯ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. “ಹೋಗ್ರಿ, ಹೋಗ್ರಿ. ಮನ್ಯಾಗ ಕುಂತು ನನ್ನ ತಲಿ ತಿನ್ನೋದರಕಿಂತ ಅಲ್ಲಿ ಹೋಗಿ ಕುಂಡ್ರೋದು ಚಲೋ” ಎಂದಳು. ಹೆಂಡತಿಯ ಬೆಂಬಲ ಸಿಕ್ಕಿತು ಎಂದೇ ತಿಳಿದಿದ್ದೇನೆ.

ಸೆಪ್ಟೆಂಬರ್ 3, ಮಂಗಳವಾರ

ಮೊದಲ ಕ್ಲಾಸು. ಬೆಳಿಗ್ಗೆ 10.20. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತೆ. ಪ್ರೊಫೆಸರ್ ಡನ್ಹಮ್ ಎಂಬ ಮೇಡಂ ಬಂದರು. ಎಪ್ಪತ್ತರ ಹತ್ತಿರ ಇರಬೇಕು, ಬೂದು ಕೂದಲು, ಕಾಲಿಗೆ ಓಟದ ಶೂ. ಅವರು ಒಳಗೆ ಕಾಲಿಟ್ಟ ಕೂಡಲೇ ನಾನು ಎದ್ದು ನಿಂತೆ. ನಿಂತ ಮೇಲೆ ಗೊತ್ತಾಯಿತು, ಇಡೀ ಕ್ಲಾಸಿನಲ್ಲಿ ನಿಂತವನು ನಾನೊಬ್ಬನೇ.

“ಏನಾದರೂ ಬೇಕಿತ್ತೇ?” ಎಂದು ಮೇಡಂ ಕೇಳಿದರು.

“ಇಲ್ಲ, ಗೌರವ” ಎಂದೆ.

ಇಪ್ಪತ್ತೆರಡು ತಲೆಗಳು ಹಿಂದೆ ತಿರುಗಿದವು. ಇಪ್ಪತ್ತಮೂರನೆಯದು ಡೆಸ್ಕಿನ ಮೇಲೆ ಬೋರಲು ಬಿದ್ದಿತ್ತು. ಅದು ನಮ್ಮ ಮಗಳದು.

ಪುರಾವೆ ಬರೆಯಲು ಹೊಸ ನೋಟ್‌ಬುಕ್ ತಂದಿದ್ದೇನೆ. ಬಿರುಕು ಒಂದು: ಮೇಡಂ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಗ್ರೀಕರ ಯುದ್ಧದ ಕಾವ್ಯವೊಂದರ ಮೊದಲ ಏಳು ಸಾಲು ಮಾತ್ರ ಮುಗಿಸಿದರು. ಈ ವೇಗದಲ್ಲಿ ಸೇತುವೆ ಕಟ್ಟಿದ್ದರೆ ನಾವೆಲ್ಲ ಇವತ್ತಿಗೂ ದೋಣಿಯಲ್ಲೇ ಮ್ಯಾನ್‌ಹಟನ್ನಿಗೆ ಹೋಗಬೇಕಿತ್ತು.

ಸೆಪ್ಟೆಂಬರ್ 12, ಗುರುವಾರ

ನನ್ನ ಪಕ್ಕ ಟೋಪಿಯ ಹುಡುಗನೊಬ್ಬ ಕೂರುತ್ತಾನೆ, ಟೈಲರ್ ಎಂದು ಹೆಸರು. ಕುಸ್ತಿಯವನಂತೆ, ಭುಜ ಬಾಗಿಲಷ್ಟು ಅಗಲ. ಇವತ್ತು ಅವನ ಪುಸ್ತಕ ಕೆಳಗೆ ಬಿದ್ದು, ಅವನ ಶೂ ಅದರ ಮೇಲೆ ಹೋಯಿತು. ಎತ್ತಿ, ಒರೆಸಿ, ಕಣ್ಣಿಗೊತ್ತಿಕೊಂಡು ಕೊಟ್ಟೆ.

ಅವನು ನನ್ನನ್ನೇ ನೋಡಿದ. “ಇದು ನಿಮ್ಮ ಧರ್ಮಗ್ರಂಥವಾ, ಸರ್?”

“ಅಲ್ಲ. ಪುಸ್ತಕ.”

ಕ್ಲಾಸು ಮುಗಿಯುವವರೆಗೆ ಅವನು ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಕೈತಪ್ಪಿ ಮಾಡಿದ ಕೆಲಸ, ಅದಕ್ಕೂ ನನ್ನ ಅಭಿಪ್ರಾಯಕ್ಕೂ ಸಂಬಂಧವಿಲ್ಲ. ಪ್ರಯೋಜನವಿಲ್ಲದ ಪುಸ್ತಕವಾದರೂ ಪುಸ್ತಕವೇ ತಾನೆ.

ಸೆಪ್ಟೆಂಬರ್ 22, ಭಾನುವಾರ

ಡಿಸೆಂಬರಿನವರೆಗೆ ಕಾಯುವುದು ಯಾಕೆ ಎನ್ನಿಸಿ, ರಕ್ಷಾಳಿಗೆ ಒಂದು ಇಮೇಲ್ ಬರೆದೆ. ಇಡೀ ದಿನ ಹಿಡಿಯಿತು. ಹನ್ನೊಂದು ಅಂಶಗಳು, ಪ್ರತಿಯೊಂದಕ್ಕೂ ಅಂಕಿಅಂಶ. ಕ್ಲಾಸಿಕ್ಸ್ ಓದಿದವರು ಎಷ್ಟನೇ ವರ್ಷಕ್ಕೆ ಯಾವ ಕೆಲಸದಲ್ಲಿದ್ದಾರೆ, ಎಷ್ಟು ವಿಭಾಗಗಳು ಮುಚ್ಚಿವೆ, ಎಲ್ಲವೂ ಇದೆ. ಏಳನೆಯ ಅಂಶವಂತೂ ನನಗೇ ಇಷ್ಟವಾಯಿತು: “ಹಳೆಯದನ್ನು ಪ್ರೀತಿಸಲು ಅದನ್ನೇ ಓದಬೇಕಾಗಿಲ್ಲ. ನಿನ್ನ ಅಮ್ಮ ಪ್ರೆಷರ್ ಕುಕ್ಕರನ್ನು ಪ್ರೀತಿಸುತ್ತಾಳೆ, ಅದರ ಇತಿಹಾಸ ಓದಿಲ್ಲ.”

ಕಳಿಸಿದೆ. ನೀಟಾದ ರಿಪೋರ್ಟು. ಕೆಲಸದಲ್ಲಿದ್ದಾಗಲೂ ಇಷ್ಟು ಚೆನ್ನಾಗಿ ಬರೆದಿರಲಿಲ್ಲ.

ಅಕ್ಟೋಬರ್ 1, ಮಂಗಳವಾರ

ಇವತ್ತು ಭಾರಿ ಅನ್ಯಾಯವಾಯಿತು. ಆ ಗ್ರೀಕ್ ಯುದ್ಧದ ಕಾವ್ಯದಲ್ಲಿ ರಾಜಕುಮಾರ ಸತ್ತ. ಕೊಂದವನು ಅವನ ಹೆಣವನ್ನು ರಥಕ್ಕೆ ಕಟ್ಟಿ ಧೂಳಿನಲ್ಲಿ ಎಳೆದ, ಕೋಟೆಯ ಮೇಲೆ ನಿಂತ ಅಪ್ಪ ಅಮ್ಮ ನೋಡುತ್ತಿದ್ದಾರೆ. ಅಷ್ಟರಲ್ಲಿ 11.40 ಆಯಿತು. “ಉಳಿದದ್ದು ಮುಂದಿನ ತಿಂಗಳು, ನಡುವೆ ಇನ್ನೆರಡು ಕಾವ್ಯಗಳನ್ನು ನೋಡೋಣ” ಎಂದು ಮೇಡಂ ಪುಸ್ತಕ ಮುಚ್ಚಿಬಿಟ್ಟರು!

ನಮ್ಮೂರ ಮಠದಲ್ಲಿ ಶ್ರಾವಣದ ಪುರಾಣ ಹೇಳುವ ಶಾಸ್ತ್ರಿಗಳು ಸಾವಿನ ಪ್ರಸಂಗಕ್ಕೆ ಎಂದೂ ಪುಸ್ತಕ ಮುಚ್ಚಿದವರಲ್ಲ. ಎಷ್ಟು ಹೊತ್ತಾದರೂ ಕಥೆಯನ್ನು ಒಂದು ಮದುವೆಗೋ, ಮಗು ಹುಟ್ಟುವಲ್ಲಿಗೋ ತಂದು ನಿಲ್ಲಿಸಿ, ಮಂಗಳ ಹಾಡಿಯೇ ಜನರನ್ನು ಎಬ್ಬಿಸುತ್ತಿದ್ದರು. ಸಾವಿನಲ್ಲಿ ನಿಲ್ಲಿಸಿದರೆ ಕೇಳಿದವರ ಮನೆಗೆ ಅದು ಹಿಂಬಾಲಿಸುತ್ತದೆ ಎಂದು ನಂಬಿಕೆ. ನಾನು ಎಂಜಿನಿಯರ್, ಇದನ್ನೆಲ್ಲ ನಂಬುವವನಲ್ಲ. ಆದರೆ ಇಪ್ಪತ್ತಮೂರು ಮಕ್ಕಳನ್ನು ಹೆಣದ ಮುಂದೆ ಬಿಟ್ಟು ಹೋದದ್ದು ಸರಿ ಕಾಣಲಿಲ್ಲ.

ಮನೆಗೆ ಬಂದು, ಒಂದು ಒಳ್ಳೆಯ ಜಾಗ ಸಿಗುವವರೆಗೆ ಮಾತ್ರ ಓದಿ ಮುಚ್ಚಿಡೋಣ ಎಂದು ಕೂತೆ. ಸಿಗಲೇ ಇಲ್ಲ. ಗ್ರೀಕರಿಗೆ ಮಂಗಳದ ಅಭ್ಯಾಸವೇ ಇದ್ದಂತಿಲ್ಲ. ಆರು ಗಂಟೆಗೆ ನಂದಾ ಬಂದು ಒಲೆ ನೋಡಿದಳು, ನನ್ನನ್ನು ನೋಡಿದಳು.

“ಅನ್ನಕ್ಕ ಇಡ್ರಿ ಅಂದಿದ್ದೆ.”

“ಇನ್ನೂ ಮಣ್ಣ ಆಗಿಲ್ಲ, ನಂದಾ” ಎಂದೆ.

ಅವಳು ಗಾಬರಿಯಾಗಿ ಊರಿಗೆ ಫೋನು ಮಾಡಲು ಹೊರಟಿದ್ದಳು. ಗ್ರೀಕ್ ರಾಜಕುಮಾರನ ವಿಷಯ ಎಂದು ತಿಳಿದ ಮೇಲೆ ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಪುರಾವೆಯ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಬಿರುಕು ಒಂಬತ್ತು: ಈ ವಿಷಯ ಓದುವವರ ಮನೆಯಲ್ಲಿ ಅಡುಗೆ ಆಗುವುದಿಲ್ಲ.

ಅಕ್ಟೋಬರ್ 8, ಮಂಗಳವಾರ

ರೂಟ್ 18ರಲ್ಲಿ ಟ್ರಾಫಿಕ್. ಆರು ನಿಮಿಷ ತಡವಾಯಿತು. ಆ ಆರು ನಿಮಿಷದಲ್ಲಿ ಏನು ಹೇಳಿದರೆಂದು ಟೈಲರ್‌ನನ್ನು ಕೇಳಿ ಬರೆದುಕೊಂಡೆ. ಆ ಯುದ್ಧದ ಕಾವ್ಯದ ಇನ್ನೊಂದು ಅನುವಾದವನ್ನೂ ತರಿಸಿದ್ದೇನೆ, ಮೇಡಂ ಎಲ್ಲಾದರೂ ತಪ್ಪು ಹೇಳಿದರೆ ಹಿಡಿಯಲು.

ಅಕ್ಟೋಬರ್ 20, ಭಾನುವಾರ

ಫ್ಲಶಿಂಗಿನ ಗಣಪತಿ ದೇವಸ್ಥಾನಕ್ಕೆ ಹೋಗಿದ್ದೆವು. ಕೆಳಗೆ ಕ್ಯಾಂಟೀನಿನಲ್ಲಿ ಹಿಕ್ಸ್‌ವಿಲ್ಲಿನ ಬದರಿ ಸಿಕ್ಕ. ಬೆಂಗಳೂರಿನವನು, ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ದೋಸೆ ಬಂತು. ನಾನು ಅವನಿಗೆ ರಥ, ಹೆಣ, ಕೋಟೆಯ ಮೇಲಿನ ಅಪ್ಪ, ಎಲ್ಲ ಹೇಳುತ್ತಿದ್ದೆ. ದೋಸೆ ಆರಿತು.

“ಅದೆಲ್ಲ ಸರಿ ಸಾರ್, ರಕ್ಷಾ ಇದನ್ನೇ ಮೇಜರ್ ಮಾಡ್ತಾಳಂತಲ್ಲ, ವಾಟ್ಸ್ ದ ರಿಟರ್ನ್ ಆನ್ ಇನ್ವೆಸ್ಟ್‌ಮೆಂಟ್?” ಎಂದ ಬದರಿ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ನೀವು ದೋಸಿ ತಿನ್ನಾಗ ರಿಟರ್ನ್ ಕೇಳ್ತೀರೇನ್ರಿ?” ಎಂದೆ. ನಂದಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಎಲ್ಲವನ್ನೂ ಲಾಭ ನಷ್ಟದಲ್ಲಿ ನೋಡುವ ಮನುಷ್ಯ. ಇಂಥವರ ಕೈಗೆ ಪ್ರಪಂಚ ಸಿಕ್ಕಿಬಿಟ್ಟಿದೆ.

ರಕ್ಷಾ ಏನೋ ಹೇಳಲು ಹೊರಟವಳು ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿದಳು. ಈ ವಾರವೆಲ್ಲ ಸಪ್ಪಗಿದ್ದಾಳೆ, ಕಣ್ಣು ಕೆಂಪು. ಎಲೆ ಉದುರುವ ಕಾಲದ ಅಲರ್ಜಿ ಇರಬೇಕು.

ನವೆಂಬರ್ 14, ಗುರುವಾರ

ಷರತ್ತು ಮುರಿದೆ.

ಮತ್ತೆ ಆ ಯುದ್ಧದ ಕಾವ್ಯಕ್ಕೆ ಬಂದಿದ್ದೇವೆ. ಸತ್ತವನ ಅಪ್ಪ, ಮುದುಕ ರಾಜ, ಒಬ್ಬನೇ ಶತ್ರುವಿನ ಡೇರೆಗೆ ಬಂದು ಮಗನ ಹೆಣ ಕೊಡು ಎಂದು ಬೇಡುತ್ತಾನೆ. ಕೊಂದವನು ಕೊಡಲು ಒಪ್ಪುತ್ತಾನೆ. ಆದರೆ ಮೊದಲು ಊಟ ಮಾಡು ಎನ್ನುತ್ತಾನೆ. ಇಬ್ಬರೂ ಕೂತು ಉಣ್ಣುತ್ತಾರೆ. ಯಾಕೆ, ಎಂದು ಮೇಡಂ ಕೇಳಿದರು.

ಒಬ್ಬಳು ಅತಿಥಿ ಸತ್ಕಾರ ಎಂದಳು. ಇನ್ನೊಬ್ಬ ರಾಜಕೀಯ ಎಂದ. “ನನ್ನ ಮಗನನ್ನು ಕೊಂದವನ ಕೈಯಿಂದ ನಾನಾದರೆ ನೀರೂ ಕುಡಿಯುವುದಿಲ್ಲ, ಕವಿ ಇಲ್ಲಿ ಎಡವಿದ್ದಾನೆ” ಎಂದ ಟೈಲರ್. ಅರ್ಧ ಕ್ಲಾಸು ತಲೆಯಾಡಿಸಿತು. ಮೇಡಂ ಕಾದರು. ನನ್ನ ಕೈ ಮೇಲೆ ಹೋಗಿತ್ತು. ಅದನ್ನು ಎತ್ತಿದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ.

ಹೇಳಿದೆ. 2003ರಲ್ಲಿ ಅಪ್ಪ ತೀರಿಕೊಂಡಾಗ ನಾನು ಕಲಬುರಗಿ ಕಡೆಯ ನಮ್ಮ ಹಳ್ಳಿ ತಲುಪುವಷ್ಟರಲ್ಲಿ ಮೂರು ದಿನವಾಗಿತ್ತು, ಮಣ್ಣು ಮಾಡಿ ಮುಗಿದಿತ್ತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೇರೆಯವರು ಊಟ ತಂದು ಉಣ್ಣಿಸಬೇಕು. ಬಂಧುಗಳು ತಂದರು. ನಾನು ಮುಟ್ಟಲಿಲ್ಲ. ಮುಖ ನೋಡಲು ಆಗಲಿಲ್ಲವೆಂಬ ಸಂಕಟಕ್ಕೆ ಅಳುವೂ ಬರಲಿಲ್ಲ. ನಾನು ಬಂದ ಎರಡನೆಯ ದಿನ ಮಧ್ಯಾಹ್ನ ಪಕ್ಕದ ಹೊಲದ ನಿಂಗಪ್ಪ ಬಂದ. ಅವನಿಗೂ ಅಪ್ಪನಿಗೂ ಹೊಲದ ಬದುವಿನ ಮೇಲೆ ಹದಿನೆಂಟು ವರ್ಷದಿಂದ ಕೋರ್ಟು ನಡೆದಿತ್ತು. ಒಮ್ಮೆ ಅವನ ಕಡೆಯವರು ಅಪ್ಪನ ಕೈ ಮುರಿದಿದ್ದರು. ಹದಿನೆಂಟು ವರ್ಷ ನಮ್ಮ ಹೊಸ್ತಿಲು ತುಳಿಯದವನು ಒಳಗೆ ಬಂದು, ನನ್ನ ಎದುರು ಕೂತು, ಬಟ್ಟೆಯ ಗಂಟು ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ಇಟ್ಟ. “ಉಣ್ಣು. ಕೋರ್ಟಿನ್ಯಾಗ ಆಮ್ಯಾಲ ಭೇಟ್ಟಿ ಆಗೂಣು” ಎಂದ. ಅವನೂ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡ. ನಾನು ಉಂಡೆ. ಉಣ್ಣುತ್ತ ಅಳು ಬಂತು. ಅವನು ಏಳಲಿಲ್ಲ.

“ಅಪ್ಪನನ್ನು ನನ್ನಷ್ಟೇ ಚೆನ್ನಾಗಿ ಬಲ್ಲವನು ಅಲ್ಲಿ ಅವನೊಬ್ಬನೇ. ಆದ್ದರಿಂದ ಕವಿ ಎಡವಿಲ್ಲ” ಎಂದೆ. ಟೈಲರ್ ಟೋಪಿ ತೆಗೆದ. ಮೇಡಂ ತಮ್ಮ ಪುಸ್ತಕದ ಅಂಚಿನಲ್ಲಿ ಏನೋ ಬರೆದುಕೊಂಡರು. ರಕ್ಷಾ ಹಿಂದೆ ತಿರುಗಿ ನನ್ನನ್ನು ನೋಡುತ್ತಿದ್ದಳು. ಹತ್ತು ವಾರಗಳಲ್ಲಿ ಅದೇ ಮೊದಲು.

ಕಾರಿನಲ್ಲಿ, “ಯು ನೆವರ್ ಟೋಲ್ಡ್ ಮಿ” ಎಂದಳು.

“ಯಾರೂ ಕೇಳಲಿಲ್ಲ ನೋಡವಾ.”

ನಿಜ ಹೇಳಬೇಕೆಂದರೆ ನಂದಾಳಿಗೂ ಹೇಳಿರಲಿಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ನೋಟ್‌ಬುಕ್ಕಿನಲ್ಲಿ ಇವತ್ತಿಗೆ ಏನೂ ಬರೆದಿಲ್ಲ, ಸಮಯ ಸಿಗಲಿಲ್ಲ.

ಡಿಸೆಂಬರ್ 10, ಮಂಗಳವಾರ

ಕೊನೆಯ ಕ್ಲಾಸು. ಮೇಡಂ ಎಲ್ಲರ ಕೈ ಕುಲುಕಿದರು.

ತೀರ್ಪು ಹೇಗೆ ಹೇಳಬೇಕೆಂದು ಎರಡು ವಾರದಿಂದ ತಯಾರಿ ನಡೆದಿತ್ತು. ಸ್ವಲ್ಪ ಬಿಗುಮಾನ ಇರಬೇಕು, ಅಪ್ಪ ಸೋತ ಎನ್ನಿಸಬಾರದು. ರೂಟ್ 18ಕ್ಕೆ ಬಂದ ಮೇಲೆ ಶುರು ಮಾಡಿದೆ.

“ನೋಡವಾ, ನಾ ಎಲ್ಲಾ ಕಡಿಂದ ವಿಚಾರ ಮಾಡೀನಿ. ಕೆಲವು ದೋಷ ಅವ. ಆದ್ರೂ ಇರ್ಲಿ. ನೀ ಕ್ಲಾಸಿಕ್ಸೇ ಓದು.”

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. “ಅಪ್ಪಾ, ನಾನು ಆಲ್ರೆಡಿ ಮೇಜರ್ ಡಿಕ್ಲೇರ್ ಮಾಡಿದೀನಿ. ಇನ್ ಅಕ್ಟೋಬರ್.”

“ನನಗ ಕೇಳಲಾರದನ? ಕ್ಲಾಸಿಕ್ಸ್?” ಬೈದೆ, ಆದರೆ ಒಳಗೊಳಗೆ ಹಿಗ್ಗಿದೆ.

“ನೋ. ಕಂಪ್ಯೂಟರ್ ಸೈನ್ಸ್.”

ಹಿಂದಿನ ಕಾರು ಹಾರ್ನ್ ಹೊಡೆಯುವವರೆಗೆ ಸಿಗ್ನಲ್ ಹಸಿರಾದದ್ದು ನನಗೆ ತಿಳಿಯಲಿಲ್ಲ.

ನನ್ನ ಇಮೇಲ್ ಓದಿದ ಮೇಲೆ ನಿರ್ಧಾರ ಮಾಡಿದಳಂತೆ. ಎರಡು ವಾರ ಯೋಚಿಸಿ, ಅಡ್ವೈಸರ್ ಹತ್ತಿರ ಹೋಗಿ ಸಹಿ ಹಾಕಿ ಬಂದಳಂತೆ. ನಾನು ಅದು ತಪ್ಪು ಎಂದೆ. ಯಾವುದು ತಪ್ಪು ಎಂದು ಅವಳು ಫೋನು ತೆಗೆದು ಒಂದೊಂದೇ ಅಂಶ ಓದಿದಳು. ವ್ಯಂಗ್ಯಕ್ಕಲ್ಲ, ನಿಜಕ್ಕೂ ಉತ್ತರ ಬೇಕೆಂದೇ ಕೇಳಿದಳು. ಹನ್ನೊಂದರಲ್ಲೂ ತಪ್ಪು ಹುಡುಕಿದೆ. ಅಷ್ಟು ಗಟ್ಟಿಯಾಗಿ ಬರೆದಿದ್ದೆ. ಎಲ್ಲೂ ಒಂದು ಬಿರುಕಿಲ್ಲ. ಕುಕ್ಕರಿನ ವಿಷಯ ಬಂದಾಗ ಅವಳಿಗೆ ನಗು ಬಂತು, ನನಗೆ ಬರಲಿಲ್ಲ.

“ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?”

“ಯು ವುಡ್ ಹ್ಯಾವ್ ಸ್ಟಾಪ್ಡ್ ಕಮಿಂಗ್” ಎಂದಳು.

ಡಿಸೆಂಬರ್ 11, ಬುಧವಾರ

ಗೆದ್ದೆ. ನಾನು ಬೇಡಿದ್ದೇ ಆಯಿತು. ನಂದಾ ಹೋಳಿಗೆ ಮಾಡಿದಳು. ಮಗಳು ದಾರಿಗೆ ಬಂದಳೆಂಬ ಖುಷಿಗೆ. ಎರಡು ತಿಂದೆ. ಬೇಸರ ತಡೆಯಲು ಆಗುತ್ತಿಲ್ಲ.

ಡಿಸೆಂಬರ್ 15, ಭಾನುವಾರ

ಹಳೆಯ ಇಮೇಲಿಗೆ ವಿರುದ್ಧವಾಗಿ ಹೊಸದೊಂದು ಬರೆಯಲು ಕೂತೆ. ಹಳೆಯ ಕಾವ್ಯಗಳನ್ನು ಈ ಕಾಲದ ಮಕ್ಕಳು ಯಾಕೆ ಓದಬೇಕು. ಅಂಶ ಒಂದು, ಎಂದು ಬರೆದು ಮಧ್ಯಾಹ್ನದವರೆಗೆ ಕೂತೆ. ನನ್ನ ಹತ್ತಿರ ಇರುವುದು ರೊಟ್ಟಿ ತಂದ ನಿಂಗಪ್ಪ ಒಬ್ಬನೇ. ಅವನಿಗೆ ಅಂಕಿಅಂಶ ಇಲ್ಲ.

ಕೊನೆಗೆ ಅವಳ ಕೋಣೆಗೆ ಹೋಗಿ ಬಾಯಲ್ಲೇ ಹೇಳಿದೆ. ಇಪ್ಪತ್ತೊಂದು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದನ್ನು ಆ ಕ್ಲಾಸಿನಲ್ಲಿ ಹೇಳಿಬಿಟ್ಟೆ, ಹೇಳಿದ ಮೇಲೆ ಹಗುರವಾದೆ, ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ, ಈಗಲೂ ಬದಲಿಸಬಹುದಲ್ಲವೇ, ಎಂದೆ.

ಬದಲಿಸಬಹುದಂತೆ. ಆದರೆ ಅವಳಿಗೆ ಈಗ ಆ ಮನಸ್ಸಿಲ್ಲ. “ಅಕ್ಟೋಬರಲ್ಲಿ ಒಂದು ವಾರ ಅತ್ತೆ, ಅಪ್ಪಾ. ದೆನ್ ಐ ವಾಸ್ ಫೈನ್. ಐ ಆ್ಯಮ್ ಫೈನ್. ಕೋಡಿಂಗ್ ನನಗೆ ಇಷ್ಟ, ನಿಜವಾಗ್ಲೂ.” ಹೊರಗೆ ಬರುವಾಗ ಹೇಳಿದಳು, “ಯು ಶುಡ್ ಕೀಪ್ ಗೋಯಿಂಗ್, ದೋ.”

ಒಂದು ವಾರ ಅತ್ತಿದ್ದಾಳೆ. ನಾನು ಅದೇ ಮನೆಯಲ್ಲಿ, ಗ್ರೀಕ್ ರಾಜನೊಬ್ಬನ ದುಃಖಕ್ಕೆ ಮರುಗುತ್ತ, ಅವಳಿಗೆ ಅಲರ್ಜಿಯ ಮಾತ್ರೆ ಕೊಟ್ಟಿದ್ದೇನೆ.

ಜನವರಿ 21, 2025, ಮಂಗಳವಾರ

ಹೊಸ ಸೆಮಿಸ್ಟರ್. ಡನ್ಹಮ್ ಮೇಡಂ ಈ ಸಲ ಪ್ರಾಚೀನ ನಾಟಕಗಳನ್ನು ಮಾಡುತ್ತಿದ್ದಾರೆ. ಒಬ್ಬನೇ ಹೋದೆ. ಕೊರೆಯುವ ಚಳಿ. ಬೇಗ ತಲುಪಿದ್ದರಿಂದ ಕಾರಿಡಾರಿನಲ್ಲಿ ನಿಂತಿದ್ದೆ.

ಕ್ಲಾಸಿನ ಬಾಗಿಲ ಪಕ್ಕ ಒಬ್ಬ ಹುಡುಗಿ ಗೋಡೆಗೆ ಮುಖ ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದಳು. ಯಾವ ದೇಶದ ಮೂಲದವಳೋ ತಿಳಿ​ಯಲಿಲ್ಲ. ಒಂದು ಕೈಯಲ್ಲಿ ಪುಸ್ತಕ, ಇನ್ನೂ ಪ್ಲಾಸ್ಟಿಕ್ ಹೊದಿಕೆ ತೆಗೆದಿಲ್ಲ. “ಇಟ್ಸ್ ಜಸ್ಟ್ ಒನ್ ಎಲೆಕ್ಟಿವ್, ಡ್ಯಾಡ್” ಎನ್ನುತ್ತಿದ್ದಳು. ಆಮೇಲೆ “ಐ ನೋ, ಡ್ಯಾಡ್.” ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ಓಕೆ. ಓಕೆ, ಐ ವಿಲ್ ಡ್ರಾಪ್ ಇಟ್.”

ಆ ಕಡೆಯ ಮಾತು ನನಗೆ ಕೇಳಿಸುತ್ತಿರಲಿಲ್ಲ. ಆದರೂ ಒಂದೊಂದು ಮಾತೂ ಗೊತ್ತಿತ್ತು. ಒಳ್ಳೆಯ ಮನುಷ್ಯ. ಮಗಳೆಂದರೆ ಜೀವ. ಹೇಳುತ್ತಿರುವುದರಲ್ಲಿ ಒಂದೂ ಸುಳ್ಳಿಲ್ಲ.

“ಆ ಫೋನು ಇತ್ತ ಕೊಡವಾ, ನಿಮ್ಮಪ್ಪನ ಜೊತಿ ನಾ ಮಾತಾಡ್ತೀನಿ” ಎಂದು ಕೈ ಚಾಚಿಬಿಟ್ಟೆ, ಕನ್ನಡದಲ್ಲೇ.